ಕಿರಣ ಚಿಕಿತ್ಸೆಯ ಹೊತ್ತುಗೊತ್ತು

ಹುನಗುಂದದ ಕಡೆಯ ನೇಕಾರರ ಮನೆತನದ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಪಾಠ ಮುಗಿದ ಮೇಲೆ ನಮ್ಮ ಮೇಜಿನ ಬಳಿ ನಿಂತು ಒಂದು ಪ್ರಶ್ನೆ ಕೇಳಿದನು. ಅವನ ತಾಯಿಗೆ ಗರ್ಭಕಂಠದ ಕ್ಯಾನ್ಸರ್. ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಐದು ವಾರಗಳ ಕಿರಣ ಚಿಕಿತ್ಸೆ ಆರಂಭವಾಗಿತ್ತು. "ಸರ್, ಅವ್ವಗ ಸಂಜೀ ಪಾಳಿ ಕೊಟ್ಟಾರ್ರಿ. ಮುಂಜಾನಿ ಪಾಳಿಯವರಿಗೆ ತ್ರಾಸ ಕಡಿಮಿ ಅಂತ ಅಲ್ಲೆ ಮಂದಿ ಮಾತಾಡ್ತಾರ. ಖರೇ ಏನ್ರಿ?" ನಾವು ಭೌತವಿಜ್ಞಾನವನ್ನು ಬೋಧಿಸುವವರೇ ಹೊರತು ವೈದ್ಯರಲ್ಲ. ಗೊತ್ತಿಲ್ಲವೆಂದು ಹೇಳಿ ಅವನನ್ನು ಕಳುಹಿಸಿದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಒಂದೇ ಯಂತ್ರ, ಒಂದೇ ಪ್ರಮಾಣದ ಕಿರಣ, ಒಂದೇ ರೋಗ. ಗಡಿಯಾರದ ಮುಳ್ಳು ಮಾತ್ರ ಬೇರೆ ಅಂಕೆಯ ಮೇಲಿದ್ದರೆ ಫಲವೂ ಬೇರೆಯಾಗಬಲ್ಲುದೆ? ಓದುತ್ತ ಹೋದಂತೆ, ಆಸ್ಪತ್ರೆಯ ಹೊರಸಾಲೆಯ ಆ ಮಾತು ಕೇವಲ ಗಾಳಿಮಾತಲ್ಲವೆಂದೂ, ಆ ತಾಯಿಯ ವಿಷಯದಲ್ಲಿ ಅದು ತಲೆಕೆಳಗಾಗಿದ್ದಿರಬಹುದೆಂದೂ ನಮಗೆ ತಿಳಿದುಬಂದಿತು.

ಮೊದಲು ಗಡಿಯಾರದ ವಿಚಾರವನ್ನು ನೋಡೋಣ. ನಮ್ಮ ಹೊಲದ ಬದುವಿನ ಹುಣಸೆಯ ಮರವು ಸಂಜೆಗೆ ಎಲೆಗಳನ್ನು ಮಡಿಸಿ ಬೆಳಗ್ಗೆ ಬಿಡಿಸುವುದನ್ನು ವಾಚಕರು ಕಂಡಿರಬಹುದು. ಬೆಳಕು ಹೋದುದರಿಂದ ಎಲೆ ಮಡಚಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ೧೭೨೯ರಲ್ಲಿ ಫ್ರಾನ್ಸಿನ ಖಗೋಳಜ್ಞ ಮೆರಾನ್ ಎಂಬುವನಿಗೆ ಈ ಮಾತಿನಲ್ಲಿ ಸಂಶಯ ಬಂದಿತು. ಮುಟ್ಟಿದರೆ ಮುನಿಯಂತಹ ಗಿಡವೊಂದನ್ನು ಅವನು ಕತ್ತಲೆಯಲ್ಲಿಟ್ಟು ನೋಡಿದನು. ಸೂರ್ಯನ ಸುಳಿವೇ ಇಲ್ಲದಿದ್ದರೂ ಗಿಡವು ಹಗಲಾದಾಗ ಎಲೆ ಬಿಚ್ಚಿ ಇರುಳಾದಾಗ ಮುಚ್ಚಿತು. ನೂರು ವರ್ಷಗಳ ಅನಂತರ, ೧೮೩೨ರಲ್ಲಿ, ದ ಕಾಂದೋಲ್ ಎಂಬ ಸಸ್ಯಶಾಸ್ತ್ರಜ್ಞನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಹೊರಗಿನ ಹಗಲಿರುಳುಗಳ ಸೂಚನೆ ಇಲ್ಲದಾಗ ಗಿಡದ ದಿನವು ೨೪ ಗಂಟೆಗಳದಾಗಿರದೆ ೨೨-೨೩ ಗಂಟೆಗಳದಾಗಿರುವುದನ್ನು ಅವನು ಅಳೆದನು. ಈ ಒಂದೆರಡು ಗಂಟೆಯ ವ್ಯತ್ಯಾಸವೇ ದೊಡ್ಡ ಸಾಕ್ಷಿ. ಗಿಡವು ಹೊರಗಿನ ಯಾವುದೋ ಗುಪ್ತ ಸೂಚನೆಯನ್ನು ಅನುಸರಿಸುತ್ತಿದ್ದರೆ ಅದರ ದಿನವು ಭೂಮಿಯ ದಿನದಷ್ಟೇ ಇರಬೇಕಾಗಿತ್ತು. ತನ್ನದೇ ಅವಧಿ ಉಂಟೆಂದ ಮೇಲೆ ಗಡಿಯಾರವೂ ತನ್ನದೇ. ಮನುಷ್ಯನ ಒಳಗಡಿಯಾರದ ಅವಧಿಯು ೨೪ ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರತಿದಿನ ಬೆಳಗಿನ ಬೆಳಕು ಅದನ್ನು ತಿದ್ದಿ ಸರಿಹೊಂದಿಸುತ್ತದೆ.

ಇದು ವಿದೇಶದ ಕಥೆ ಮಾತ್ರವಲ್ಲ. ಬಾದಾಮಿಯ ಗುಹೆಗಳನ್ನು ನೋಡಲು ಹೋದವರು ಸಂಜೆಯವರೆಗೆ ಅಲ್ಲಿಯೇ ನಿಂತರೆ, ಬಂಡೆಯ ಕತ್ತಲೆಯಲ್ಲಿ ತಲೆಕೆಳಗಾಗಿ ಮಲಗಿದ ಬಾವಲಿಗೆ ಹೊರಗೆ ಸಂಜೆಯಾದುದು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ಮನಸ್ಸಿಗೆ ಬಾರದಿರದು. ಮಧುರೆಯ ಕಾಮರಾಜ ವಿಶ್ವವಿದ್ಯಾಲಯದ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಸಂಗಡಿಗರು ಅಲ್ಲಿಗೆ ಸಮೀಪದ ಗುಹೆಯೊಂದರ ಬಾವಲಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಗುಹೆಯ ಕತ್ತಲೆಯಲ್ಲಿ ಪಂಜರದಲ್ಲಿಟ್ಟ ಬಾವಲಿಯು, ಸುತ್ತಲೂ ಹಾರಿಹೋಗಿ ಬರುವ ತನ್ನ ಜಾತಿಯವುಗಳ ಸದ್ದುಗದ್ದಲದಿಂದಲೇ ಹೊತ್ತನ್ನು ಹೊಂದಿಸಿಕೊಳ್ಳುವುದೆಂದು ೧೯೮೧ರಲ್ಲಿ ಅವರು ಪ್ರಕಟಿಸಿದರು. ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಕ್ಕೆ ಬಂದರು. ಅಲ್ಲಿ ಶೀಬಾ, ವಿ. ಕೆ. ಶರ್ಮ, ಅಮಿತಾಭ ಜೋಶಿ ಇವರೊಡನೆ ೧೯೯೯ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಇನ್ನೂ ಕುತೂಹಲಕರವಾದುದು. ಸುಮಾರು ೬೦೦ ತಲೆಮಾರುಗಳಿಂದ ಹಗಲಿರುಳಿನ ಭೇದವನ್ನೇ ಕಾಣದೆ ಒಂದೇ ಸಮನಾದ ಬೆಳಕಿನಲ್ಲಿ ಬೆಳೆದ ಹಣ್ಣುನೊಣಗಳಲ್ಲಿಯೂ ದಿನದ ಲಯವು ಅಳಿಯದೆ ಉಳಿದಿತ್ತು. ಮನುಷ್ಯರ ಲೆಕ್ಕದಲ್ಲಿ ೬೦೦ ತಲೆಮಾರೆಂದರೆ ಹನ್ನೆರಡು ಹದಿನೈದು ಸಾವಿರ ವರ್ಷ. ಅಷ್ಟು ಕಾಲ ಉಪಯೋಗಕ್ಕೆ ಬಾರದಿದ್ದರೂ ಕಳೆದುಹೋಗದ ಆಸ್ತಿ ಇದು.

ಈ ಗಡಿಯಾರದ ಯಂತ್ರವೆಲ್ಲಿದೆ? ೧೯೭೧ರಲ್ಲಿ ಕೊನೋಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಹಣ್ಣುನೊಣದ ದಿನಚರಿಯನ್ನು ಆಳುವ ಒಂದು ವಂಶವಾಹಿಯನ್ನು ಗುರುತಿಸಿದರು. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿದುದಕ್ಕಾಗಿ ಹಾಲ್, ರೋಸ್‌ಬಾಷ್, ಯಂಗ್ ಈ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತತ್ತ್ವವು ಸರಳವಾದುದು. ವಂಶವಾಹಿಯ ಆಣತಿಯಂತೆ ಒಂದು ಪ್ರೋಟೀನು ತಯಾರಾಗುತ್ತದೆ. ಸಾಕಷ್ಟು ಸೇರಿದ ಮೇಲೆ ಅದು ಕೋಶದ ಕೇಂದ್ರವನ್ನು ಹೊಕ್ಕು, ತನ್ನನ್ನು ತಯಾರಿಸುವ ವಂಶವಾಹಿಯ ಬಾಯಿಯನ್ನೇ ಮುಚ್ಚುತ್ತದೆ. ತಯಾರಿಕೆ ನಿಂತು, ಇದ್ದ ಪ್ರೋಟೀನು ಕ್ರಮೇಣ ನಾಶವಾದೊಡನೆ ಬಾಯಿ ಮತ್ತೆ ತೆರೆಯುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಮನೆಯ ಮೇಲಿನ ನೀರಿನ ತೊಟ್ಟಿ ತುಂಬಿದುದು ಕೆಳಗಿದ್ದವನಿಗೆ ತಡವಾಗಿ ತಿಳಿಯುತ್ತದೆ. ಬರಿದಾದುದೂ ತಡವಾಗಿಯೇ ತಿಳಿಯುತ್ತದೆ. ಆದುದರಿಂದ ನೀರಿನ ಮಟ್ಟವು ಒಂದೆಡೆ ನಿಲ್ಲದೆ ಏರಿಳಿಯುತ್ತಲೇ ಇರುತ್ತದೆ. ತಡೆಯು ವಿಳಂಬವಾಗಿ ಬಂದಲ್ಲಿ ಆಂದೋಲನವು ಹುಟ್ಟುತ್ತದೆ. ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿಯೂ ಇಂತಹ ಗಡಿಯಾರವಿದೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ, ಮಿದುಳಿನಲ್ಲಿ, ಸುಮಾರು ೨೦,೦೦೦ ನರಕೋಶಗಳ ಒಂದು ಗುಂಪಿದ್ದು, ಅದು ಉಳಿದೆಲ್ಲವಕ್ಕೂ ತಾಳ ಹಾಕುತ್ತದೆ. ಆದರೆ ತಾಳ ಒಂದೇ ಆದರೂ ಎಲ್ಲ ಅಂಗಗಳೂ ಒಂದೇ ಹೊತ್ತಿಗೆ ಒಂದೇ ಕೆಲಸವನ್ನು ಮಾಡುವುದಿಲ್ಲ. ಈ ಮಾತನ್ನು ಮುಂದಕ್ಕೆ ನೆನಪಿನಲ್ಲಿಡಬೇಕು.

ಇನ್ನು ಕಿರಣದ ವಿಚಾರ. ಒಂದು ಕಿಲೋಗ್ರಾಂ ದೇಹಭಾಗವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಆ ಪ್ರಮಾಣಕ್ಕೆ ಒಂದು ಗ್ರೇ ಎಂದು ಹೆಸರು. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ ೨ ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರಗಳಲ್ಲಿ ೬೬ರಿಂದ ೭೦ ಗ್ರೇ ಕೊಡುತ್ತಾರೆ. ಎರಡು ಜೂಲ್ ಎಂದರೆಷ್ಟು? ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ೪,೧೮೦ ಜೂಲ್ ಬೇಕು. ಹೀಗಿರಲು ಒಂದು ದಿನದ ಚಿಕಿತ್ಸೆಯು ಅಂಗಾಂಶದ ಉಷ್ಣತೆಯನ್ನು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಏರಿಸೀತು. ನಮ್ಮ ಒಳಗಡಿಯಾರವಾದರೋ ದೇಹದ ಉಷ್ಣತೆಯನ್ನು ನಸುಕಿನ ೪-೫ ಗಂಟೆಗೆ ತಗ್ಗಿಸಿ ಸಂಜೆಗೆ ಅರ್ಧದಿಂದ ಒಂದು ಡಿಗ್ರಿಯವರೆಗೆ ಏರಿಸುತ್ತದೆ. ಅದರಿಂದ ಯಾರಿಗೂ ಕೇಡಿಲ್ಲ. ಕಿರಣವು ಕೋಶವನ್ನು ಸುಟ್ಟು ಕೊಲ್ಲುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಅದು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ನೀರಿನ ಅಣುಗಳು ಒಡೆದು ತೀಕ್ಷ್ಣವಾದ ತುಣುಕುಗಳಾಗುತ್ತವೆ. ಇವೆಲ್ಲ ಸೇರಿ ಕೋಶದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ. ೨ ಗ್ರೇಯಿಂದ ಒಂದು ಕೋಶದಲ್ಲಿ ಸುಮಾರು ಎರಡು ಸಾವಿರ ಒಂಟಿ ಎಳೆಯ ಕಡಿತಗಳೂ, ಎಂಬತ್ತರಷ್ಟು ಜೋಡಿ ಎಳೆಯ ಕಡಿತಗಳೂ ಆಗುತ್ತವೆ. ಒಂಟಿ ಕಡಿತವನ್ನು ಕೋಶವು ಸುಲಭವಾಗಿ ಸರಿಪಡಿಸಿಕೊಳ್ಳುತ್ತದೆ. ಸಾವು-ಬದುಕಿನ ಲೆಕ್ಕವಿರುವುದು ಆ ಎಂಬತ್ತರಲ್ಲಿ.

ಆ ಎಂಬತ್ತು ಕಡಿತಗಳು ಕೂಡುತ್ತವೆಯೋ ಇಲ್ಲವೋ ಎಂಬುದು, ಕೋಶವು ಆಗ ಯಾವ ಕೆಲಸದಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಬೆಳೆಯುವ ಪ್ರತಿಯೊಂದು ಕೋಶವೂ ಮೊದಲು ಸಿದ್ಧತೆ ಮಾಡಿಕೊಳ್ಳುತ್ತದೆ, ಅನಂತರ ತನ್ನ ಡಿಎನ್‌ಎಯನ್ನು ನಕಲು ಮಾಡುತ್ತದೆ, ಬಳಿಕ ಕೊಂಚ ತಡೆದು ಕೊನೆಗೆ ಎರಡಾಗಿ ಒಡೆಯುತ್ತದೆ. ಇಳಕಲ್ಲಿನ ನೇಕಾರನನ್ನು ನೆನೆಯಿರಿ. ಸೀರೆಯು ಮಗ್ಗದ ಮೇಲಿರುವಾಗ ಹಾಸಿನ ಎಳೆ ಕಡಿದರೆ ಅವನು ಕೈ ನಿಲ್ಲಿಸಿ, ಪಕ್ಕದ ಎಳೆಗಳ ಸಾಲನ್ನು ನೋಡಿಕೊಂಡು, ಹರಿದ ತುದಿಗಳನ್ನು ಹುಡುಕಿ ಗಂಟುಹಾಕುತ್ತಾನೆ. ಮಗ್ಗದಿಂದ ಕೊಯ್ದು ತೆಗೆದ ಮೇಲೆ ಎಳೆ ಹರಿದರೆ ಅದು ಹರಿದಂತೆಯೇ. ನಕಲು ಮುಗಿಯುತ್ತ ಬಂದ ಕೋಶದಲ್ಲಿ ಕಡಿದ ಎಳೆಯ ಪಕ್ಕದಲ್ಲಿಯೇ ಅದರ ಹೊಸ ಪ್ರತಿಯಿರುತ್ತದೆ. ಅದನ್ನು ನೋಡಿ ತಪ್ಪಿಲ್ಲದೆ ಜೋಡಿಸಬಹುದು. ಒಡೆಯುವ ಹೊತ್ತಿನಲ್ಲಾದರೋ ಎಳೆಗಳೆಲ್ಲ ಬಿಗಿಯಾಗಿ ಸುತ್ತಿಕೊಂಡು ಬೇರೆ ಬೇರೆ ಕಡೆಗೆ ಹೊರಟಿರುತ್ತವೆ. ಜೋಡಿಸಲು ಸಮಯವೂ ಇಲ್ಲ, ಅನುಕೂಲವೂ ಇಲ್ಲ. ತೆರಸಿಮ ಮತ್ತು ಟೋಲ್ಮಾಕ್ ಎಂಬವರು ೧೯೬೦ರ ದಶಕದ ಆದಿಯಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಕೋಶಗಳನ್ನು ಒಂದೇ ಘಟ್ಟಕ್ಕೆ ತಂದು ಕ್ಷ-ಕಿರಣಕ್ಕೊಡ್ಡಿ, ಒಂದೇ ಪ್ರಮಾಣಕ್ಕೆ ಬೇರೆ ಬೇರೆ ಘಟ್ಟದ ಕೋಶಗಳು ಬೇರೆ ಬೇರೆ ಸಂಖ್ಯೆಯಲ್ಲಿ ಸಾಯುವುದನ್ನು ತೋರಿಸಿಕೊಟ್ಟರು. ಒಡೆಯುತ್ತಿರುವ ಕೋಶವು ಅತ್ಯಂತ ದುರ್ಬಲ. ನಕಲಿನ ಕೊನೆಯ ಘಟ್ಟದ್ದು ಅತ್ಯಂತ ಗಟ್ಟಿ.

ಈಗ ಎರಡು ಎಳೆಗಳನ್ನು ಕೂಡಿಸೋಣ. ದೇಹದ ಕೋಶಗಳು ಮನಬಂದ ಹೊತ್ತಿಗೆ ಒಡೆಯುವುದಿಲ್ಲ. ಅವುಗಳ ಸರದಿಯನ್ನೂ ಗಡಿಯಾರವು ಬಹುಮಟ್ಟಿಗೆ ಆಳುತ್ತದೆ. ಕೆನಡದ ಬ್ಯಾರ್ನಸನ್ ಮತ್ತು ಅವರ ಸಂಗಡಿಗರು ಆರೋಗ್ಯವಂತರ ಬಾಯಿಯ ಒಳಪೊರೆಯಿಂದ ದಿನವಿಡೀ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ, ಸಿದ್ಧತೆಯ ಘಟ್ಟದ ಗುರುತು ಬೆಳಗಿನ ೧೧ ಗಂಟೆಯ ಸುಮಾರಿಗೂ, ನಕಲು ಆರಂಭದ ಗುರುತು ಮಧ್ಯಾಹ್ನ ೩ರ ಸುಮಾರಿಗೂ, ಒಡೆಯುವ ಘಟ್ಟದ ಗುರುತು ರಾತ್ರಿ ೯ರ ಸುಮಾರಿಗೂ ತುತ್ತತುದಿಗೇರುವುದು ಕಂಡುಬಂದಿತು. ಗುದನಾಳದ ಒಳಪೊರೆಯ ಲೆಕ್ಕವೇ ಬೇರೆ. ಅಲ್ಲಿ ಡಿಎನ್‌ಎ ನಕಲು ಅತ್ಯಂತ ಹೆಚ್ಚಾಗಿರುವುದು ಬೆಳಗಿನ ೭ರ ಸುಮಾರಿಗೆ. ಬಾಯಿಗೂ ಗುದಕ್ಕೂ ಒಂದೇ ಕೊಳವೆ. ಆದರೆ ಎರಡು ತುದಿಗಳ ಹೊತ್ತು ಬೇರೆ.

ವ್ಯತ್ಯಾಸವೇನೋ ಉಂಟು, ಆದರೆ ಅದು ಸ್ವಲ್ಪವೇ ಅಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲಿ ಗುಣಾಕಾರವು ತನ್ನ ಬಲವನ್ನು ತೋರಿಸುತ್ತದೆ. ಲೆಕ್ಕಕ್ಕೆಂದು ನೂರು ಕೋಟಿ ಕೋಶಗಳ ಒಂದು ಗಡ್ಡೆಯಿದೆಯೆಂದೂ, ಪ್ರತಿದಿನದ ಕಿರಣದಿಂದ ಕೋಶಗಳಲ್ಲಿ ಅರ್ಧ ಸಾಯುತ್ತವೆಯೆಂದೂ ಭಾವಿಸೋಣ. ಮೂವತ್ತು ಬಾರಿ ಅರ್ಧ ಮಾಡಿದರೆ ಉಳಿಯುವುದು ೧೦೭,೩೭,೪೧,೮೨೪ರಲ್ಲಿ ಒಂದು ಭಾಗ. ಅಂದರೆ ನಮ್ಮ ಗಡ್ಡೆಯಲ್ಲಿ ಸುಮಾರು ಒಂದು ಕೋಶ. ಪ್ರತಿದಿನ ನೂರಕ್ಕೆ ೫೦ರ ಬದಲು ೫೨ ಉಳಿದರೆ? ಒಂದು ದಿನಕ್ಕೆ ಈ ಎರಡು ಏನೂ ಅಲ್ಲ. ಮೂವತ್ತು ದಿನಗಳಲ್ಲಿ ೧.೦೪ ಎಂಬ ಅನುಪಾತವು ತನ್ನನ್ನು ತಾನೇ ಮೂವತ್ತು ಬಾರಿ ಗುಣಿಸಿಕೊಂಡು ೩.೨೪ ಆಗುತ್ತದೆ, ಉಳಿಯುವ ಕೋಶಗಳು ಒಂದಲ್ಲ, ಮೂರು. ನಿಜವಾದ ಅಂಗಾಂಶವು ಇಷ್ಟು ಸರಳವಲ್ಲ. ನಡುನಡುವೆ ಹೊಸ ಕೋಶಗಳೂ ಹುಟ್ಟುತ್ತವೆ. ಆದರೂ ದಿನದಿನದ ಸಣ್ಣ ಭೇದವನ್ನು ಕಡೆಗಣಿಸಬಾರದೆಂಬುದಕ್ಕೆ ಈ ಲೆಕ್ಕ ಸಾಕು. ಸಾಯುವುದು ಗಡ್ಡೆಯ ಕೋಶವಾದರೆ ಲಾಭ, ಬಾಯಿಯ ಒಳಪೊರೆಯದಾದರೆ ಹುಣ್ಣು. ಈ ಹುಣ್ಣನ್ನು ನೋಡಿದವರೇ ಬಲ್ಲರು: ರೊಟ್ಟಿಯ ಮಾತಿರಲಿ, ಗಂಜಿಯೂ ಇಳಿಯುವುದಿಲ್ಲ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ನಮ್ಮ ದೇಶದವರಿದ್ದಾರೆಂಬುದು ಹೆಚ್ಚು ಜನರಿಗೆ ತಿಳಿಯದು. ೧೯೭೦ರ ದಶಕದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಬಿ. ಡಿ. ಗುಪ್ತ ಮತ್ತು ಡೇಕ ಅವರು ಬಾಯಿಯ ಗಡ್ಡೆಗಳ ಉಷ್ಣತೆಯನ್ನು ದಿನವಿಡೀ ಅಳೆದು, ಅದು ಗರಿಷ್ಠವಾಗಿರುವ ಹೊತ್ತಿನಲ್ಲಿ ಕಿರಣ ಕೊಟ್ಟಾಗ ಗಡ್ಡೆಯು ಹೆಚ್ಚು ಬೇಗ ಕರಗುವುದೆಂದು ವರದಿ ಮಾಡಿದರು. ರೋಗಿಗಳ ಸಂಖ್ಯೆ ಚಿಕ್ಕದು. ಆದರೆ ರೋಗಿಯ ಸ್ವಂತ ಲಯವನ್ನು ಅಳೆದು ಹೊತ್ತು ಗೊತ್ತುಮಾಡಿದ ಈ ಕ್ರಮವು, ಗೋಡೆಯ ಗಡಿಯಾರವನ್ನು ನೋಡಿ ಗುಂಪು ಮಾಡುವುದಕ್ಕಿಂತ ಉತ್ತಮವೆಂದು ನಮ್ಮ ಅಭಿಪ್ರಾಯ.

ದೊಡ್ಡ ಪರೀಕ್ಷೆಗಳು ಬಂದುದು ೨೦೦೯-೧೦ರಲ್ಲಿ. ಕೆನಡದಲ್ಲಿ ತಲೆ-ಕೊರಳಿನ ಕ್ಯಾನ್ಸರಿನ ೨೧೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬೆಳಗಿನ ೮ರಿಂದ ೧೦ರೊಳಗೆ, ಇನ್ನೊಂದಕ್ಕೆ ಸಂಜೆಯ ೪ರಿಂದ ೬ರೊಳಗೆ ಚಿಕಿತ್ಸೆ ಕೊಟ್ಟರು. ತೀವ್ರವಾದ ಬಾಯಿಹುಣ್ಣು ಬೆಳಗಿನವರಲ್ಲಿ ನೂರಕ್ಕೆ ಸುಮಾರು ೫೩, ಸಂಜೆಯವರಲ್ಲಿ ೬೨. ನೋಡಲು ವ್ಯತ್ಯಾಸವಿದೆ. ಆದರೆ ಹೊತ್ತಿಗೆ ಯಾವ ಪರಿಣಾಮವೂ ಇಲ್ಲವೆಂದು ಇಟ್ಟುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರವು ನೂರು ಪರೀಕ್ಷೆಗಳಲ್ಲಿ ಹದಿನೇಳರಲ್ಲಿ ಬರಿಯ ಆಕಸ್ಮಿಕದಿಂದಲೇ ಬಂದೀತು. ಹದಿನೇಳು ಎಂಬುದು ನಿರ್ಲಕ್ಷಿಸುವ ಸಂಖ್ಯೆಯಲ್ಲ. ಪೂರ್ಣ ೬೬-೭೦ ಗ್ರೇ ಪಡೆದ ೧೧೧ ಜನರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಅಂತರವು ೪೫ಕ್ಕೆ ೬೭ ಎಂದು ದೊಡ್ಡದಾಯಿತು. ಹೀಗೆ ಆಮೇಲೆ ಬೇರ್ಪಡಿಸಿದ ಗುಂಪಿನ ಫಲಿತಾಂಶವನ್ನು ಸುಳಿವೆಂದು ಸ್ವೀಕರಿಸಬೇಕೇ ಹೊರತು ತೀರ್ಪೆಂದಲ್ಲ. ಅದೇ ೨೦೦೯ರಲ್ಲಿ ಲಖನೌದ ಇಂದಿನ ಕಿಂಗ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯರೂ ಇದೇ ಪರೀಕ್ಷೆಯನ್ನು ಪ್ರಕಟಿಸಿದರು. ಅಲ್ಲಿ ತೀವ್ರ ಹುಣ್ಣು ಬೆಳಗಿನವರಲ್ಲಿ ನೂರಕ್ಕೆ ೨೬, ಮಧ್ಯಾಹ್ನದ ನಂತರದವರಲ್ಲಿ ೩೮. ಎರಡು ದೂರದ ದೇಶಗಳಲ್ಲಿ ತಕ್ಕಡಿಯು ಒಂದೇ ಕಡೆಗೆ ವಾಲಿತೆಂಬುದು ಗಮನಾರ್ಹ.

ಮರುವರ್ಷ ಲಖನೌದಿಂದಲೇ ಬಂದ ಇನ್ನೊಂದು ಪರೀಕ್ಷೆಯು ಗರ್ಭಕಂಠದ ಕ್ಯಾನ್ಸರಿನ ೨೨೯ ಸ್ತ್ರೀಯರದು. ೧೧೯ ಜನರಿಗೆ ಬೆಳಗಿನ ೮ರಿಂದ ೧೦, ೧೧೦ ಜನರಿಗೆ ಸಂಜೆಯ ೬ರಿಂದ ೮. ಹೊಟ್ಟೆಯ ಕೆಳಭಾಗಕ್ಕೆ ಬೀಳುವ ಕಿರಣವು ಕರುಳಿನ ಒಳಪೊರೆಯನ್ನು ಕೆಡಿಸುವುದರಿಂದ ಭೇದಿಯಾಗುತ್ತದೆ. ಅಲ್ಪವೋ ಅಧಿಕವೋ ಈ ತೊಂದರೆ ಬೆಳಗಿನವರಲ್ಲಿ ನೂರಕ್ಕೆ ೮೭, ಸಂಜೆಯವರಲ್ಲಿ ೬೮. ತೀವ್ರವಾದುದು ಬೆಳಗಿನವರಲ್ಲಿ ೧೪, ಸಂಜೆಯವರಲ್ಲಿ ೫. ಇಲ್ಲಿ ತಕ್ಕಡಿಯು ತಿರುಗಿಬಿಟ್ಟಿತು! ಬಾಯಿಗೆ ಬೆಳಗು ಹಿತ, ಕರುಳಿಗೆ ಸಂಜೆ ಹಿತ. ಹಿಂದೆ ಹೇಳಿದ ಎರಡು ತುದಿಗಳ ಹೊತ್ತಿನ ಭೇದವನ್ನು ನೆನೆದರೆ ಇದು ಅಸಂಭವವೆನಿಸದು. ಆದರೆ ಕರುಳಿನ ವಿಷಯದಲ್ಲಿ ಕಾರಣಕಾರ್ಯಗಳ ಕೊಂಡಿ ಬಾಯಿಯಲ್ಲಿದ್ದಷ್ಟು ನೇರವಾಗಿ ಇನ್ನೂ ಕೂಡಿಲ್ಲ.

ಪ್ರಾಣಿಗಳಲ್ಲಿ ಅಂತರವು ಇನ್ನೂ ದೊಡ್ಡದು. ೨೦೧೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಗ್ಗೆ ಕಿರಣಕ್ಕೊಡ್ಡಿದ ಇಲಿಗಳು ನೂರಕ್ಕೆ ೮೫ರಷ್ಟು ಕೂದಲನ್ನೂ, ಸಂಜೆ ಒಡ್ಡಿದವು ೧೭ರಷ್ಟನ್ನು ಮಾತ್ರವೂ ಕಳೆದುಕೊಂಡವು. ಆದರೆ ಇಲಿಯು ಇರುಳಿನ ಪ್ರಾಣಿ. ಅದರ ಬೆಳಗನ್ನು ನಮ್ಮ ಬೆಳಗೆಂದು ತಿಳಿಯುವುದು ತಪ್ಪು.

ಗಡ್ಡೆಯ ಪಾಡೇನು? ಅನೇಕ ಗಡ್ಡೆಗಳಲ್ಲಿ ಗಡಿಯಾರವು ಕೆಟ್ಟಿರುತ್ತದೆ. ಅಂತಹ ಗಡ್ಡೆಗೆ ಯಾವ ಹೊತ್ತಾದರೂ ಒಂದೇ. ಆರೋಗ್ಯವಾದ ಕೋಶವು ಗಟ್ಟಿಯಾಗಿರುವ ಹೊತ್ತನ್ನು ಆರಿಸಿಕೊಂಡರೆ ಲಾಭವೆಲ್ಲ ರೋಗಿಯದೇ. ಗಡ್ಡೆಯೂ ತಾಳಕ್ಕೆ ಸರಿಯಾಗಿ ನಡೆಯುವುದಾಗಿದ್ದರೆ, ನೆರೆಯವನನ್ನು ರಕ್ಷಿಸಿದ ಹೊತ್ತೇ ವೈರಿಯನ್ನೂ ರಕ್ಷಿಸೀತು. ಇದನ್ನು ತಿಳಿಯುವವರೆಗೆ ವೈದ್ಯರು ಎಲ್ಲ ಆಸ್ಪತ್ರೆಗಳಿಗೂ ಒಂದು ನಿಯಮವನ್ನು ಮಾಡಲಾರರು, ಮಾಡಿಯೂ ಇಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ತಂಬಾಕು, ಗುಟಕಾಗಳ ಚಟದಿಂದ ಬಾಯಿಯ ಕ್ಯಾನ್ಸರು, ಸ್ತ್ರೀಯರಲ್ಲಿ ಗರ್ಭಕಂಠದ್ದು—ಈ ಎರಡೂ ನಮ್ಮಲ್ಲಿ ಸಾಮಾನ್ಯ. ಮೇಲಿನ ಪರೀಕ್ಷೆಗಳು ನಡೆದುದೂ ಇವೆರಡರ ಮೇಲೆಯೇ. ಒಂದೇ ಯಂತ್ರವು ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಕಡೆ ಬಾಯಿಯ ರೋಗಿಗಳನ್ನು ಮುಂಜಾನೆಗೂ, ಗರ್ಭಕಂಠದವರನ್ನು ಸಂಜೆಗೂ ಹಾಕುವುದರಿಂದ ಒಂದು ಪೈಸೆಯ ಖರ್ಚೂ ಇಲ್ಲ. ಆದರೆ ಇಳಕಲ್ಲಿನಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರು. ಬಾದಾಮಿಯವನಿಗೆ ರೈಲಾದರೂ ಉಂಟು. ಹುನಗುಂದದವನಿಗೆ ಬಸ್ಸೇ ಗತಿ. ರಾತ್ರಿ ೮ಕ್ಕೆ ಚಿಕಿತ್ಸೆ ಮುಗಿದ ಹೆಂಗಸು ಊರಿಗೆ ಮರಳುವುದು ಹೇಗೆ? ರೋಗಿಯ ಹೊತ್ತನ್ನು ಇಂದು ಗೊತ್ತುಮಾಡುತ್ತಿರುವುದು ಜೀವಕೋಶವಲ್ಲ, ಬಸ್ಸಿನ ವೇಳಾಪಟ್ಟಿ. ಆಸ್ಪತ್ರೆಯ ಬಳಿ ತಂಗಲು ಸ್ಥಳವಿಲ್ಲದೆ ಹೊತ್ತಿನ ಶಾಸ್ತ್ರವನ್ನು ಹೇಳುವುದು ವ್ಯರ್ಥ.

ಇನ್ನೊಂದು ಎಚ್ಚರವನ್ನು ಸ್ಪಷ್ಟವಾಗಿ ಹೇಳಬೇಕು. ಗಂಟೆಗಿಂತ ದಿನ ದೊಡ್ಡದು. ತಲೆ-ಕೊರಳಿನ ಗಡ್ಡೆಗಳಲ್ಲಿ ಚಿಕಿತ್ಸೆಯ ಸುಮಾರು ನಾಲ್ಕನೆಯ ವಾರದಿಂದಾಚೆಗೆ ಉಳಿದ ಕೋಶಗಳು ಬಲು ಬೇಗ ಹೆಚ್ಚತೊಡಗುತ್ತವೆಂದು ವಿದರ್ಸ್ ಮತ್ತು ಸಂಗಡಿಗರು ೧೯೮೮ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಒಂದೊಂದು ದಿನದ ವಿಳಂಬವೂ ಸುಮಾರು ೦.೬ ಗ್ರೇಯನ್ನು ತಿಂದುಹಾಕುತ್ತದೆ. ಜಾತ್ರೆಗೋ ಸುಗ್ಗಿಗೋ ಐದು ದಿನ ಊರಿಗೆ ಬಂದು ಕುಳಿತರೆ ೩ ಗ್ರೇ, ಎಂದರೆ ಒಂದೂವರೆ ದಿನದ ಚಿಕಿತ್ಸೆಯು ನೀರುಪಾಲು. ಒಳ್ಳೆಯ ಹೊತ್ತು ಸಿಗಲಿಲ್ಲವೆಂದು ಪಾಳಿಯನ್ನು ತಪ್ಪಿಸಿದವನು ಸಿಗಬಹುದಾದ ಲಾಭಕ್ಕಾಗಿ ಕೈಯಲ್ಲಿದ್ದುದನ್ನೇ ಚೆಲ್ಲಿದಂತೆ. ಪಾಳಿಯ ಬದಲಾವಣೆ ಬೇಕೆನಿಸಿದರೆ ಚಿಕಿತ್ಸೆ ಮಾಡುವ ವೈದ್ಯರನ್ನೇ ಕೇಳಬೇಕು.

ಆ ವಿದ್ಯಾರ್ಥಿ ಮತ್ತೆ ಸಿಕ್ಕಾಗ ನಾವು ಇಷ್ಟು ಹೇಳಿದೆವು: ನಿನ್ನ ತಾಯಿಯ ರೋಗಕ್ಕೆ ಸಂಜೆಯ ಪಾಳಿ ಕೆಟ್ಟುದಲ್ಲ, ಸಿಕ್ಕಿರುವ ಪುರಾವೆಯ ಮಟ್ಟಿಗೆ ಅದೇ ಮೇಲು, ಬೆಳಗಿನದು ಮೇಲೆಂದು ಹೇಳಿದವರು ಬಹುಶಃ ಬಾಯಿಯ ರೋಗಿಗಳ ಕಡೆಯವರಿರಬೇಕು. ಒಂದು ದಿನವನ್ನೂ ತಪ್ಪಿಸಬೇಡ. ಅವನು ತಪ್ಪಿಸಿರಲಿಲ್ಲ. ಐದು ವಾರವೂ ತಾಯಿಯೊಡನೆ ಆಸ್ಪತ್ರೆಯ ಪಡಸಾಲೆಯಲ್ಲಿಯೇ ಮಲಗಿದ್ದನು.

ಈ ಲಯವನ್ನು ಕಣ್ಣಾರೆ ಕಾಣಬಯಸುವವರಿಗೆ ಒಂದು ಸುಲಭ ಪ್ರಯೋಗವಿದೆ. ಜ್ವರ ಅಳೆಯುವ ಥರ್ಮಾಮೀಟರನ್ನು ನಾಲಗೆಯ ಕೆಳಗಿಟ್ಟು, ಎದ್ದಾಗಿನಿಂದ ಮಲಗುವವರೆಗೆ ಮೂರು ಮೂರು ಗಂಟೆಗೊಮ್ಮೆ, ನಾಲ್ಕು ದಿನ ಉಷ್ಣತೆಯನ್ನು ಬರೆದುಕೊಳ್ಳಿರಿ. ಚಹ ಕುಡಿದ ಅಥವಾ ಓಡಾಡಿದ ಕೂಡಲೆ ಅಳೆಯಬಾರದು. ಅರ್ಧ ಗಂಟೆ ಬಿಡಬೇಕು. ಸಾಧ್ಯವಾದರೆ ಒಂದು ದಿನ ನಸುಕಿನ ೪ಕ್ಕೆ ಎದ್ದು ಒಂದು ಬಿಂದುವನ್ನು ಸೇರಿಸಿರಿ. ಹೊತ್ತನ್ನು ಅಡ್ಡಕ್ಕೂ ಉಷ್ಣತೆಯನ್ನು ಉದ್ದಕ್ಕೂ ಗುರುತಿಸಿ ನಕ್ಷೆ ಬರೆದರೆ ಅಲೆಯೊಂದು ಮೂಡುತ್ತದೆ. ಅದರ ತುದಿಯು ಯಾವ ಗಂಟೆಗೆ ಬಂದಿತೆಂದು ನೋಡಿ, ಮನೆಯಲ್ಲಿ ಬೇರೆಯವರ ನಕ್ಷೆಯೊಡನೆ ಹೋಲಿಸಿರಿ. ನಸುಕಿಗೇ ಮಗ್ಗದ ಕುಣಿಗೆ ಇಳಿಯುವ ತಂದೆಯ ತುದಿಗೂ, ನಡುರಾತ್ರಿಯವರೆಗೆ ಓದುವ ಮಗನ ತುದಿಗೂ ಒಂದೆರಡು ಗಂಟೆಗಳ ಅಂತರವಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಬೆಳಗಿನ ೯ ಗಂಟೆಯೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಾಗ ಅದು ಆ ಇಬ್ಬರ ದೇಹಕ್ಕೂ ಒಂದೇ ಹೊತ್ತಲ್ಲ. ಪರೀಕ್ಷೆಗಳ ಫಲಿತಾಂಶಗಳು ಮಸುಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿದ್ದೀತು.